ಬಡ್ಡಿಯ ಲೆಕ್ಕ ಇದೆ, ನೀರಿನ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ರಂಜಾನ್ ಬಂದಾಗ ಪ್ರತಿ ವರ್ಷ ಪತ್ರಿಕೆಗಳಲ್ಲಿ ಝಕಾತ್ ಬಗ್ಗೆ, ಬಡ್ಡಿ ನಿಷೇಧದ ಬಗ್ಗೆ ಒಂದೆರಡು ಲೇಖನ ಬರುತ್ತವೆ. ಒಳ್ಳೆಯದೇ. ಅದನ್ನು ಓದಿದ ಗೆಳೆಯರು ನಮ್ಮನ್ನು ಕೇಳುತ್ತಾರೆ, ನಾವೂ ಹೇಳುತ್ತೇವೆ: ವರ್ಷದ ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ಬಡವರಿಗೆ ಕೊಡಬೇಕು, ಬಡ್ಡಿ ತಗೊಳ್ಳಬಾರದು, ಕೊಡಲೂಬಾರದು. ಅಲ್ಲಿಗೆ ಮಾತು ಮುಗಿಯುತ್ತದೆ. ಇಸ್ಲಾಂ ಹೇಳುವ ಆರ್ಥಿಕ ನೀತಿ ಇಷ್ಟೇ ಎಂದು ಹೊರಗಿನವರು ತಿಳಿದಿದ್ದಾರೆ, ನಮ್ಮವರೂ ಹಾಗೇ ತಿಳಿದುಕೊಂಡುಬಿಟ್ಟಿದ್ದಾರೆ. ನನಗೆ ಬೇಸರ ಇರುವುದು ಇದರ ಬಗ್ಗೆಯೇ. ನಮ್ಮ ಧರ್ಮ ದುಡ್ಡಿಗೆ ಎಷ್ಟು ಕಟ್ಟುಪಾಡು ಹಾಕಿದೆಯೋ ನೀರಿಗೆ, ಹುಲ್ಲಿಗೆ, ಮಣ್ಣಿಗೆ ಅಷ್ಟೇ ಕಟ್ಟುಪಾಡು ಹಾಕಿದೆ. ಒಂದನ್ನು ಹಿಡಿದುಕೊಂಡಿದ್ದೇವೆ, ಇನ್ನೊಂದನ್ನು ಬಿಟ್ಟಿದ್ದೇವೆ.

ಬರೀ 'ಬಡ್ಡಿ ಇದೆಯಾ ಇಲ್ವಾ' ಎಂದು ಕೇಳಿ ಸುಮ್ಮನಾಗುವುದು ಎಷ್ಟು ಅಪಾಯ ಅನ್ನುವುದನ್ನು ಕರ್ನಾಟಕದ ಮುಸ್ಲಿಮರು 2019ರಲ್ಲಿ ನೋಡಿದ್ದೇವೆ. ಬೆಂಗಳೂರಿನಲ್ಲಿ ಐಎಂಎ ಎಂಬ ಹೂಡಿಕೆ ಕಂಪನಿ ಕುಸಿದಾಗ, ಹಲಾಲ್ (ಧರ್ಮ ಒಪ್ಪುವ) ಹೂಡಿಕೆ ಎಂದು ನಂಬಿ ಮಗಳ ಮದುವೆಗೆ, ಹಜ್‌ಗೆ ಎಂದು ಕೂಡಿಟ್ಟಿದ್ದನ್ನು ಹಾಕಿದ್ದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಬಡ್ಡಿ ಅಲ್ಲ, ಲಾಭ ಅಂದರು, ಜನ ನಂಬಿದರು. ಆ ಲಾಭ ಎಲ್ಲಿಂದ ಬರುತ್ತದೆ, ಯಾವ ವ್ಯಾಪಾರದಿಂದ ಬರುತ್ತದೆ ಎಂದು ಕೇಳಿದವರು ಕಡಿಮೆ. ಹಣ ಎಲ್ಲಿಂದ ಬಂತು, ಅದಕ್ಕೆ ಯಾರು ಬೆಲೆ ತೆತ್ತರು ಅನ್ನುವ ಪ್ರಶ್ನೆಯೇ ಈ ನೀತಿಯ ತಿರುಳು. ಅದನ್ನು ಹೂಡಿಕೆಗೆ ಕೇಳಬೇಕು, ಬೆಳೆಗೂ ಕೇಳಬೇಕು.

ನಾನು ಬೆಳೆಯ ಮಾತು ಆಡುವುದಕ್ಕೆ ಕಾರಣ ಇದೆ. ನಮ್ಮದು ರಾಯಚೂರು ಜಿಲ್ಲೆ, ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. 227 ಕಿ.ಮೀ. ಉದ್ದದ ಕಾಲುವೆ ಇದು. ಅಣೆಕಟ್ಟೆಯಿಂದ ಹೊರಟು ಕೊಪ್ಪಳ ಜಿಲ್ಲೆ ದಾಟಿ, ಸಿಂಧನೂರು, ಮಾನ್ವಿ ಕಡೆ ಹಾದು ನಮ್ಮತ್ತ ಬರುತ್ತದೆ, ಅಂದರೆ ಬರಬೇಕು. ಈ ಯೋಜನೆ ಮಾಡಿದ ಕಾಲದ ಲೆಕ್ಕವೇ ಬೇರೆ ಇತ್ತು. ಬರದ ನಾಡು ಇದು, ಇಲ್ಲಿ ಜಾಸ್ತಿ ಜಮೀನಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಬೇಕು, ಜೋಳ, ಹತ್ತಿ, ಶೇಂಗಾ ಬೆಳೆದು ಎಲ್ಲರೂ ಉಣ್ಣಬೇಕು ಅನ್ನುವ ಲೆಕ್ಕ. ಈಗ ಮೇಲ್ಭಾಗದಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತ. ಅಚ್ಚುಕಟ್ಟಿಗೆ ಸೇರದ ಜಮೀನಿಗೂ ಕಾಲುವೆಗೆ ಪಂಪ್‌ಸೆಟ್ ಇಟ್ಟು ನೀರು ಎತ್ತುತ್ತಾರೆ. ಪ್ರತಿ ವರ್ಷ ಸಭೆ ಆಗುತ್ತದೆ, ಕಾಲುವೆಯಲ್ಲಿ ನೀರಿನ ಮಟ್ಟ (ಗೇಜ್) ಕಾಯ್ದುಕೊಳ್ಳುತ್ತೇವೆ ಅಂತಾರೆ, ಕೊನೆ ಭಾಗದ ರೈತರು ರಸ್ತೆಯಲ್ಲಿ ಕೂರುತ್ತಾರೆ, ನಿಮ್ಮ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಅಣೆಕಟ್ಟೆಯಲ್ಲೂ ಮೊದಲಿನ ಜಾಗ ಇಲ್ಲ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ನೀರು ಕಡಿಮೆ ಆಗಿದೆ, ಮೇಲಿನವರ ಭತ್ತ ಮಾತ್ರ ಕಡಿಮೆ ಆಗಿಲ್ಲ.

ಈಗ ಮದೀನಾಕ್ಕೆ ಬನ್ನಿ. ಅಲ್ಲಿ ಮಹ್‌ಝೂರ್, ಮುಝೈನಿಬ್ ಎಂಬ ಎರಡು ಹಳ್ಳ ಇದ್ದವು. ಮಳೆ ಬಂದಾಗ ಹರಿಯುವ ಹಳ್ಳ, ನಮ್ಮ ಕಡೆ ಇರುವಂಥದ್ದೇ. ಅದರ ನೀರಿನ ಬಗ್ಗೆ ಪ್ರವಾದಿ ಮುಹಮ್ಮದರು (ಸ) ಕೊಟ್ಟ ತೀರ್ಪು ಹದೀಸಿನಲ್ಲಿ, ಅಂದರೆ ಅವರ ಮಾತು ನಡೆಗಳ ದಾಖಲೆಯಲ್ಲಿ, ಇದೆ: ಮೇಲಿನ ಹೊಲದವನು ನೀರು ಪಾದದ ಗಂಟಿನವರೆಗೆ ನಿಲ್ಲುವಷ್ಟು ಕಟ್ಟಿಕೊಳ್ಳಬೇಕು, ಆಮೇಲೆ ಕೆಳಗಿನವನಿಗೆ ಬಿಡಬೇಕು. ಇಷ್ಟೇ. ಇಷ್ಟು ಸರಳ ಕಾನೂನು. ಇನ್ನೊಂದು ಪ್ರಕರಣ ಪ್ರವಾದಿಯವರ ಸೋದರತ್ತೆಯ ಮಗ ಜುಬೈರ್ ಅವರದ್ದು. ಅವರ ತೋಟ ಮೇಲಿತ್ತು, ಮದೀನಾದ ಒಬ್ಬ ಅನ್ಸಾರಿಯ ತೋಟ ಕೆಳಗಿತ್ತು. ಇಬ್ಬರೂ ಜಗಳ ತಂದರು. ಪ್ರವಾದಿಯವರು ಮೊದಲು ತಮ್ಮ ಸಂಬಂಧಿಕನಿಗೇ ಹೇಳಿದರು, ನಿನ್ನ ಗಿಡಗಳಿಗೆ ಹಾಯಿಸಿಕೊಂಡು ನೆರೆಯವನಿಗೆ ಬಿಟ್ಟುಬಿಡು ಎಂದು. ಆದರೆ ಕೆಳಗಿನವನು, ಅವನು ನಿಮ್ಮ ಅತ್ತೆಯ ಮಗ ಅಲ್ವಾ ಎಂದು ಕೊಂಕು ಮಾತಾಡಿದ. ಆಗ ಜುಬೈರ್‌ಗೆ ಅವರ ಪೂರ್ತಿ ಹಕ್ಕು ಕೊಟ್ಟರು. ಆ ಪೂರ್ತಿ ಹಕ್ಕನ್ನು ಆಮೇಲೆ ಅಳೆದು ನೋಡಿದರೆ ಅದೂ ಪಾದದ ಗಂಟಿನಷ್ಟೇ ಇತ್ತಂತೆ. ಅಂದರೆ ಮೇಲೆ ಇರುವವನ ಹಕ್ಕನ್ನು ಪೂರ್ತಿ ಒಪ್ಪಿಕೊಂಡರೂ ಅದಕ್ಕೊಂದು ಮಿತಿ ಇದೆ, ಆ ಮಿತಿ ದಾಟಿದ ಮೇಲೆ ನೀರು ಅವನದ್ದಲ್ಲ.

ನಂತರದ ಕಾಲದ ಧರ್ಮಶಾಸ್ತ್ರಜ್ಞರು ಇದರ ಮೇಲೆ ಬಹಳ ಚರ್ಚೆ ಮಾಡಿದ್ದಾರೆ. ಮಣ್ಣು ಬೇರೆ ಇದ್ದರೆ, ಬೆಳೆ ಬೇರೆ ಇದ್ದರೆ, ಕಾಲ ಬೇರೆ ಇದ್ದರೆ ಅಳತೆ ಬದಲಾಗಬಹುದು, ಅಗತ್ಯ ನೋಡಿ ನಿರ್ಧರಿಸಬೇಕು ಎಂದವರೂ ಇದ್ದಾರೆ. ಒಪ್ಪೋಣ. ಆದರೆ ಕೆಳಗಿನವನ ಹೊಲ ಬಿರುಕು ಬಿಟ್ಟಿರುವಾಗ ಮೇಲಿನವನು ತಿಂಗಳುಗಟ್ಟಲೆ ಗದ್ದೆ ತುಂಬಿಸಿ ನಿಲ್ಲಿಸಿಕೊಳ್ಳಬಹುದು ಎಂದು ಹೇಳುವ ವ್ಯಾಖ್ಯಾನ ನನಗಂತೂ ಎಲ್ಲೂ ಸಿಕ್ಕಿಲ್ಲ.

ಕಾಲುವೆ ಮೇಲ್ಭಾಗದಲ್ಲಿ ಇರುವವರು ಎಲ್ಲ ಜಾತಿ ಧರ್ಮದವರು. ಅಲ್ಲಿ ಮುಸ್ಲಿಮರು ಕಡಿಮೆ ಇರಬಹುದು. ಆದರೂ ಇದ್ದಾರೆ. ಐದು ಹೊತ್ತು ನಮಾಜ್ ಮಾಡುವವರು ಇದ್ದಾರೆ, ಬ್ಯಾಂಕ್ ಬಡ್ಡಿ ಮುಟ್ಟದವರು ಇದ್ದಾರೆ. ಬಡ್ಡಿ ಮುಟ್ಟದ ಆ ಕೈಯೇ ರಾತ್ರಿ ತೂಬು ಎತ್ತಿದರೆ ಅದನ್ನು ಏನು ಅನ್ನಬೇಕು? ಬಡ್ಡಿ ಬೇಡ ಅಂದಿದ್ದು ಯಾಕೆ, ಇನ್ನೊಬ್ಬನ ಕಷ್ಟದಿಂದ ನಮ್ಮ ಗಳಿಕೆ ಆಗಬಾರದು ಅಂತ. ಕೆಳಗಿನವನ ಹತ್ತಿ ಒಣಗಿದ್ದರಿಂದ ಬಂದ ಭತ್ತದ ಲಾಭದಲ್ಲೂ ಅದೇ ದೋಷ ಇದೆ. ಬೇರೆ ಧರ್ಮದವರಿಗೆ ಅವರ ಹಿರಿಯರು ಹೇಳಲಿ, ನನಗೆ ಹಕ್ಕಿರುವುದು ನಮ್ಮವರಿಗೆ ಹೇಳಲು, ಅದಕ್ಕೇ ಹೇಳುತ್ತಿದ್ದೇನೆ.

ಇದರಲ್ಲಿ ಮೇಲಿನವರಿಗೂ ನಷ್ಟ ಇದೆ ಅನ್ನುವುದನ್ನು ಮರೆಯಬಾರದು. ಎರೆಮಣ್ಣಿಗೆ ವರ್ಷಕ್ಕೆ ಎರಡು ಬಾರಿ ಭತ್ತದ ನೀರು ನಿಲ್ಲಿಸಿದರೆ ಭೂಮಿ ಸವಳಾಗುತ್ತದೆ, ಜೌಗಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿ ಸುಧಾರಣೆಗೆಂದೇ ವಿಜ್ಞಾನಿಗಳು ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಬಿಳಿ ಉಪ್ಪು ಮೇಲೆದ್ದ ಗದ್ದೆಯನ್ನು ನೋಡಿದವರಿಗೆ ಗೊತ್ತು, ಅದು ಮತ್ತೆ ಬೆಳೆ ಕೊಡುವಂತೆ ಮಾಡುವುದು ಎಷ್ಟು ಕಷ್ಟ ಎಂದು. ಮೇಲೆ ನೀರು ಹೆಚ್ಚಾಗಿ ಭೂಮಿ ಸಾಯುತ್ತಿದೆ, ಕೆಳಗೆ ನೀರಿಲ್ಲದೆ ಸಾಯುತ್ತಿದೆ.

ಇನ್ನು ಉಷ್ರ್. ಹೊಲದ ಬೆಳೆಗೆ ಕೊಡುವ ಝಕಾತ್ ಇದು. ಎರಡೂವರೆ ಪರ್ಸೆಂಟ್ ಎಲ್ಲರಿಗೂ ಗೊತ್ತು, ಇದು ಪಟ್ಟಣದವರಿಗೆ ಮರೆತೇ ಹೋಗಿದೆ. ಮಳೆ ನೀರಿನಿಂದ ಅಥವಾ ತಾನಾಗಿ ಹರಿದ ನೀರಿನಿಂದ ಬೆಳೆದ ಬೆಳೆಯಲ್ಲಿ ಹತ್ತನೇ ಒಂದು ಭಾಗ, ಮನುಷ್ಯ ಖರ್ಚು ಮಾಡಿ, ಬೆವರು ಸುರಿಸಿ ನೀರು ಎತ್ತಿ ಬೆಳೆದಿದ್ದರೆ ಇಪ್ಪತ್ತನೇ ಒಂದು ಭಾಗ. ನಮ್ಮ ದೇಶದ ಯಾವ ಜಮೀನಿಗೆ ಇದು ಹೇಗೆ ಅನ್ವಯ ಆಗುತ್ತದೆ ಅನ್ನುವುದರಲ್ಲಿ ಆಲಿಮರ (ಧರ್ಮ ವಿದ್ವಾಂಸರ) ನಡುವೆ ಚರ್ಚೆ ಇದೆ, ಅದು ಅವರಿಗೇ ಇರಲಿ. ನನಗೆ ಇಷ್ಟ ಆಗುವುದು ಆ ಲೆಕ್ಕದ ಒಳಗಿನ ವಿವೇಕ. ನೀರು ಎಲ್ಲಿಂದ ಬಂತು ಎಂದು ನೋಡದೆ ತೆರಿಗೆ ಎಷ್ಟು ಎಂದು ಹೇಳಲು ಆಗುವುದೇ ಇಲ್ಲ. ಆಕಾಶದಿಂದ ಪುಕ್ಕಟೆ ಬಂದ ನೀರಿಗೆ ಜಾಸ್ತಿ ಋಣ ಇದೆ. ಕುರ್‌ಆನಿನ ಆರನೇ ಅಧ್ಯಾಯದಲ್ಲಿ ಬೆಳೆಯ ಬಗ್ಗೆ ಒಂದು ವಚನ ಬರುತ್ತದೆ, 141ನೆಯದು. ಕೊಯ್ಲಿನ ದಿನ ಅದರ ಹಕ್ಕು ಕೊಟ್ಟುಬಿಡಿ ಎಂದು ಹೇಳಿ, ಅದೇ ಉಸಿರಿನಲ್ಲಿ ದುಂದು ಮಾಡಬೇಡಿ ಅನ್ನುತ್ತದೆ. ಬಡವನ ಪಾಲು, ದುಂದು ಬೇಡ, ಎರಡೂ ಒಂದೇ ವಚನದಲ್ಲಿ ಇವೆ. ನಾವು ಬಯಾನ್‌ಗಳಲ್ಲಿ (ಮಸೀದಿಯ ಪ್ರವಚನಗಳಲ್ಲಿ) ಮೊದಲನೆಯದನ್ನು ಹೇಳಿ ಎರಡನೆಯದನ್ನು ಮದುವೆ ಊಟದ ಖರ್ಚಿಗೆ ಮಾತ್ರ ಹೇಳುತ್ತೇವೆ.

ಗೋಮಾಳದ ವಿಷಯಕ್ಕೂ ಬರುತ್ತೇನೆ, ಯಾಕಂದರೆ ಇದನ್ನು ಓದುವ ಹಳ್ಳಿಯವರಿಗೆ ಅದು ಚೆನ್ನಾಗಿ ಗೊತ್ತು. ಅರಬ್ಬರಲ್ಲಿ ಇಸ್ಲಾಮಿಗೆ ಮೊದಲು ಬಲಾಢ್ಯ ಮುಖಂಡರು ಒಳ್ಳೆಯ ಹುಲ್ಲುಗಾವಲಿಗೆ ಬೇಲಿ ಹಾಕಿಕೊಂಡು, ಇದು ನಮ್ಮ 'ಹಿಮಾ', ಬೇರೆಯವರ ದನ ಬರಬಾರದು ಎನ್ನುತ್ತಿದ್ದರು. ಪ್ರವಾದಿಯವರು ಆ ಖಾಸಗಿ ಬೇಲಿಯನ್ನು ಕಿತ್ತರು. ಕಾಯ್ದಿಟ್ಟ ಹುಲ್ಲುಗಾವಲು ಇರಬೇಕಾದರೆ ಅದು ಎಲ್ಲರ ಒಳಿತಿಗೆ ಇರಬೇಕು ಎಂದರು. ಖಲೀಫ ಉಮರ್ ಅವರು ಇಂಥ ಒಂದು ಹಿಮಾ ನೋಡಿಕೊಳ್ಳಲು ಹುನೈ ಎಂಬ ತಮ್ಮ ಸೇವಕನನ್ನು ನೇಮಿಸಿದರು. ಅವನಿಗೆ ಹೇಳಿದ ಮಾತು ನಮ್ಮ ತಹಶೀಲ್ದಾರರ ಕಚೇರಿಗಳಲ್ಲಿ ಬರೆದು ಹಾಕುವಂಥದ್ದು. ನಾಲ್ಕು ಒಂಟೆ, ನಾಲ್ಕು ಕುರಿ ಇರುವವನನ್ನು ಒಳಗೆ ಬಿಡು, ಇಬ್ನ್ ಔಫ್, ಇಬ್ನ್ ಅಫ್ಫಾನ್ ಅವರ ಮಂದೆಯನ್ನು ಬಿಡಬೇಡ ಅನ್ನುವ ಅರ್ಥದ ಮಾತು. ಆ ಇಬ್ಬರೂ ಸಣ್ಣ ಜನ ಅಲ್ಲ, ಪ್ರವಾದಿಯವರ ಹತ್ತಿರದ ಒಡನಾಡಿಗಳು, ದೊಡ್ಡ ಶ್ರೀಮಂತರು. ಅವರ ದನ ಸತ್ತರೆ ಅವರಿಗೆ ತೋಟ ಇದೆ, ಬದುಕುತ್ತಾರೆ. ಬಡವನ ಕುರಿ ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬರುತ್ತಾನೆ, ಆಗ ನಾನು ಬಂಗಾರ ಬೆಳ್ಳಿ ಕೊಡಬೇಕಾಗುತ್ತದೆ, ಅದಕ್ಕಿಂತ ಈಗ ಹುಲ್ಲು ನೀರು ಕೊಡುವುದು ಸುಲಭ ಎಂದು ಉಮರ್ ವಿವರಿಸಿದ್ದರು.

ಪರಿಸರ ಉಳಿಸುವುದು, ಬಡವರನ್ನು ಉಳಿಸುವುದು ಒಂದೇ ಕೆಲಸ ಎಂದು ಇದಕ್ಕಿಂತ ನೇರವಾಗಿ ಹೇಳಿದವರು ಕಡಿಮೆ. ನಮ್ಮಲ್ಲಿ ಗೋಮಾಳ ಯಾರ ಪಾಲಾಗಿದೆ? ನಾಲ್ಕು ಕುರಿ ಇರುವವನು ಹೊರಗೆ, ಜೆಸಿಬಿ ಇರುವವನು ಒಳಗೆ. ಲೆಬನಾನ್, ಜೋರ್ಡಾನ್‌ನಲ್ಲಿ ಪರಿಸರ ಕೆಲಸ ಮಾಡುವವರು ಹಿಮಾ ಪದ್ಧತಿಯನ್ನು ಮತ್ತೆ ಎತ್ತಿಕೊಂಡಿದ್ದಾರೆ. ಊರಿನವರೇ ಸೇರಿ ಹುಲ್ಲುಗಾವಲು ಕಾಯುವುದು, ಯಾವಾಗ ಮೇಯಿಸಬೇಕು ಯಾವಾಗ ಬಿಡಬೇಕು ಎಂದು ತಾವೇ ನಿರ್ಧರಿಸುವುದು. ತಾಂಜಾನಿಯಾದ ಪೆಂಬಾ ಹತ್ತಿರ ಮಿಸಾಲಿ ಎಂಬ ದ್ವೀಪದಲ್ಲಿ ಮೀನುಗಾರರು ಡೈನಮೈಟ್ ಸಿಡಿಸಿ ಮೀನು ಹಿಡಿಯುತ್ತಿದ್ದರು, ಹವಳದ ದಿಬ್ಬಗಳು ಚೂರಾಗುತ್ತಿದ್ದವು. ಸರ್ಕಾರದ ನಿಷೇಧಕ್ಕೆ ಬಗ್ಗದವರ ಜೊತೆ ಅಲ್ಲಿನ ಇಮಾಮರು ಕೂತು, ಇದು ಅಲ್ಲಾಹನು ವಹಿಸಿಕೊಟ್ಟ ಅಮಾನತ್ತಿಗೆ ದ್ರೋಹ ಎಂದು ಕುರ್‌ಆನ್ ಇಟ್ಟುಕೊಂಡು ಮಾತಾಡಿದ ಮೇಲೆ ಬದಲಾವಣೆ ಶುರುವಾಯಿತು.

ಹಾಗಂತ ಮುಸ್ಲಿಂ ದೇಶಗಳೆಲ್ಲ ಇದನ್ನು ಪಾಲಿಸುತ್ತಿವೆ ಎಂದು ನಾನು ಹೇಳಿದರೆ ಅದು ಸುಳ್ಳು. ಸೌದಿ ಅರೇಬಿಯಾ ಮರುಭೂಮಿಯಲ್ಲಿ ಗೋಧಿ ಬೆಳೆಯಲು ಹೊರಟಿತು. ದೊಡ್ಡ ಸಬ್ಸಿಡಿ, ಸುತ್ತುತ್ತಾ ನೀರು ಹಾಯಿಸುವ ದೊಡ್ಡ ದೊಡ್ಡ ಯಂತ್ರ, ಸಾವಿರಾರು ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಸೇರಿದ, ಮತ್ತೆ ತುಂಬದ ನೀರು. 1990ರ ದಶಕದ ಆರಂಭದ ಹೊತ್ತಿಗೆ ಪ್ರಪಂಚದ ದೊಡ್ಡ ಗೋಧಿ ರಫ್ತುದಾರರ ಸಾಲಿಗೆ ಬಂದಿತ್ತು! ನೀರು ಬರಿದಾಗುತ್ತಿದೆ ಎಂದು ಅರಿವಾಗಿ 2008ರಲ್ಲಿ ಹಂತ ಹಂತವಾಗಿ ನಿಲ್ಲಿಸುವ ತೀರ್ಮಾನ ಮಾಡಿದರು, 2016ಕ್ಕೆ ಸ್ಥಳೀಯ ಗೋಧಿ ಖರೀದಿ ನಿಲ್ಲಿಸಿದರು. ಎತ್ತಿದ ನೀರು ಹೋಯಿತು, ವಾಪಸ್ ಬರಲ್ಲ. ಕೋಲಾರದಲ್ಲಿ ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಯುವ ನಮ್ಮ ರೈತರು ಈ ಕಥೆಯನ್ನು ಗಮನ ಇಟ್ಟು ಕೇಳಬೇಕು.

ಇಂಡೊನೇಷ್ಯಾದ ಕಥೆ ಇನ್ನೂ ಕ್ಲಿಷ್ಟ. ಮುಸ್ಲಿಮರು ಅತಿ ಹೆಚ್ಚು ಇರುವ ದೇಶಗಳಲ್ಲಿ ಒಂದು. ಅಲ್ಲಿನ ಉಲಮಾ (ಧರ್ಮ ವಿದ್ವಾಂಸರ) ಮಂಡಳಿ 2014ರಲ್ಲಿ ಅಳಿವಿನಂಚಿನ ಪ್ರಾಣಿಗಳ ಬೇಟೆ, ಮಾರಾಟ ಹರಾಮ್, ಅಂದರೆ ಧರ್ಮದಲ್ಲಿ ನಿಷಿದ್ಧ, ಎಂದು ಫತ್ವಾ ಕೊಟ್ಟಿತು. 2016ರಲ್ಲಿ ಕಾಡಿಗೆ ಬೆಂಕಿ ಹಚ್ಚಿ ಜಮೀನು ಮಾಡುವುದು ಹರಾಮ್ ಎಂದಿತು. 2018ರಲ್ಲಿ ಆ ಸರ್ಕಾರ 125 ಕೋಟಿ ಡಾಲರಿನ ಹಸಿರು ಸುಕೂಕ್ ಹೊರಡಿಸಿತು. ಸುಕೂಕ್ ಎಂದರೆ ಬಡ್ಡಿಗೆ ಸಾಲ ಕೊಡುವ ಬಾಂಡ್ ಅಲ್ಲ, ನಿಜವಾದ ಒಂದು ಆಸ್ತಿಯಲ್ಲಿ ಪಾಲು ಪಡೆದು ಅದರ ಆದಾಯದಲ್ಲಿ ಹಂಚಿಕೊಳ್ಳುವ ಪತ್ರ. ಅದರ ಹಣ ಸೌರ ವಿದ್ಯುತ್ತು, ಕಸ ನಿರ್ವಹಣೆ, ರೈಲು ಇಂಥದ್ದಕ್ಕೇ ಹೋಗಬೇಕು. ಅದಕ್ಕೂ ಒಂದು ವರ್ಷ ಮೊದಲು ಮಲೇಷ್ಯಾದಲ್ಲಿ ಸಾಬಾ ರಾಜ್ಯದ ಸೌರ ಘಟಕಕ್ಕೆ ಇಂಥದ್ದೇ ಸುಕೂಕ್ ಬಂದಿತ್ತು. ಹಣ ಎಲ್ಲಿ ಹೋಗುತ್ತದೆ ಎಂದು ಕೇಳುವ ವ್ಯವಸ್ಥೆ ಇದು, ನಾನು ಮೊದಲು ಹೇಳಿದ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನ.

ಆದರೆ 2024ರಲ್ಲಿ ಏನಾಯಿತು? ಅದೇ ಇಂಡೊನೇಷ್ಯಾ ಸರ್ಕಾರ ಧಾರ್ಮಿಕ ಸಂಘಟನೆಗಳಿಗೆ ಗಣಿ ನಡೆಸಲು ಅವಕಾಶ ಕೊಡುವ ನಿಯಮ ತಂದಿತು. ಕಲ್ಲಿದ್ದಲು ಗಣಿ. 1926ರಲ್ಲಿ ಹುಟ್ಟಿದ ನಹ್ದತುಲ್ ಉಲಮಾ, ಕೋಟ್ಯಂತರ ಜನರ ಸಂಘಟನೆ, ಒಪ್ಪಿಕೊಂಡಿತು. 1912ರಲ್ಲಿ ಹುಟ್ಟಿದ, ಶಾಲೆ ಆಸ್ಪತ್ರೆಗಳಿಗೆ ಹೆಸರಾದ ಮುಹಮ್ಮದಿಯಾ ಕೂಡ ಆಮೇಲೆ ಒಪ್ಪಿತು. ಅಲ್ಲಿನ ಕ್ಯಾಥೊಲಿಕ್ ಬಿಷಪರ ಸಂಘ ಬೇಡ ಎಂದಿತು. ನನಗೆ ಇದನ್ನು ಓದಿ ತುಂಬಾ ನೋವಾಯಿತು. ಬಡವರ ಶಾಲೆಗೆ, ಆಸ್ಪತ್ರೆಗೆ ಹಣ ಬೇಕು ಅನ್ನುವುದು ನಿಜ, ಅವರ ಕೆಲಸ ದೊಡ್ಡದು, ಅದನ್ನು ಅಲ್ಲಗಳೆಯಲ್ಲ. ಆದರೆ ಕಾಡು ಸುಡುವುದು ಹರಾಮ್ ಆದರೆ ಕಾಡಿನ ಕೆಳಗಿರುವ ಕಲ್ಲಿದ್ದಲಿಗೆ ಬೇರೆ ನ್ಯಾಯ ಇದೆಯಾ? ಹಾನಿ ಮಾಡಬೇಡಿ, ಹಾನಿಗೆ ಹಾನಿ ಬೇಡ ಅನ್ನುವ ಹದೀಸನ್ನು ಶರಿಯತ್ತಿನ ಮೂಲ ನಿಯಮಗಳಲ್ಲಿ ಒಂದು ಎಂದು ಕಲಿಸುತ್ತಾರೆ. ಆಸ್ಪತ್ರೆ ಕಟ್ಟಲು ಗಣಿ ತೋಡಿದರೆ, ಗಣಿ ಧೂಳಿಗೆ ಕೆಮ್ಮುವವರು ಅದೇ ಆಸ್ಪತ್ರೆಗೆ ಬಂದು ಮಲಗಬೇಕಾಗುತ್ತದೆ. ಬಳ್ಳಾರಿ, ಸಂಡೂರು ನೋಡಿದ ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ.

ವಕ್ಫ್, ಅಂದರೆ ದೇವರ ಹೆಸರಿನಲ್ಲಿ ಜನರ ಒಳಿತಿಗೆ ಬಿಟ್ಟುಕೊಟ್ಟ ಆಸ್ತಿ, ಅದರ ಬಗ್ಗೆ ಒಂದು ಮಾತು, ಎರಡಲ್ಲ. ಈಗ ಆ ಹೆಸರು ಬಂದರೆ ನೋಟಿಸ್, ಕೋರ್ಟ್, ತಿದ್ದುಪಡಿ, ಟಿವಿ ಜಗಳ ಇಷ್ಟೇ ನೆನಪಾಗುತ್ತದೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ಮದೀನಾದಲ್ಲಿ ರೂಮಾ ಎಂಬ ಒಂದು ಬಾವಿ ಇತ್ತು, ಸಿಹಿ ನೀರಿನ ಬಾವಿ, ಮಾಲೀಕ ನೀರನ್ನು ಮಾರುತ್ತಿದ್ದ. ಅದನ್ನು ಕೊಂಡು, ತನ್ನ ಕೊಡಪಾನವನ್ನೂ ಬೇರೆಯವರ ಕೊಡಪಾನದ ಸಾಲಿನಲ್ಲೇ ಇಡುವವರು ಯಾರು ಎಂದು ಪ್ರವಾದಿಯವರು ಕೇಳಿದರು. ಉಸ್ಮಾನ್ ಅವರು ಕೊಂಡು ಜನರಿಗೆ ಬಿಟ್ಟರು. ಹಣ ಕೊಟ್ಟವನಿಗೆ ಸಾಲಿನಲ್ಲಿ ಮುಂದೆ ನಿಲ್ಲುವ ಹಕ್ಕೂ ಇಲ್ಲ. ವಕ್ಫ್ ಎಂದರೆ ನನ್ನ ಮನಸ್ಸಿನಲ್ಲಿ ಇದೇ ಬಾವಿ ಬರುತ್ತದೆ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್, ನೆಲದಡಿಯ ಸುರಂಗದಲ್ಲಿ ನೀರು ಹರಿಸಿದ ವ್ಯವಸ್ಥೆ, ಈಗಲೂ ಇದೆ. ವಿಜಯಪುರದಲ್ಲಿ 1620ರ ತಾಜ್ ಬಾವಡಿ ಇದೆ. ಅದನ್ನು ಕಸದ ಗುಂಡಿ ಮಾಡಿದ್ದೆವು, ಕೆಲವು ವರ್ಷಗಳ ಹಿಂದೆ ಹೂಳೆತ್ತಿ ಸ್ವಚ್ಛ ಮಾಡಿದರು. ಅವು ಸುಲ್ತಾನರು ಕಟ್ಟಿಸಿದ್ದು, ಆದರೆ ಪ್ರತಿ ಊರಿನ ಹಳೆ ಮಸೀದಿ, ದರ್ಗಾ, ಈದ್ಗಾ ಆವರಣಗಳಲ್ಲೂ ಬಾವಿಗಳಿವೆ, ಎಷ್ಟೋ ಮುಚ್ಚಿವೆ, ಎಷ್ಟರ ಮೇಲೋ ಕಾಂಕ್ರೀಟ್ ಹಾಕಿ ಗಾಡಿ ನಿಲ್ಲಿಸುತ್ತೇವೆ. ಕಮಿಟಿಯವರು ಮಿನಾರ್ ಎತ್ತರಿಸಲು ಚಂದಾ ಎತ್ತುವ ಮೊದಲು ಆ ಬಾವಿಯ ಹೂಳೆತ್ತಲಿ. ನೀರು ಬಂದರೆ ಓಣಿಯ ಎಲ್ಲರೂ, ಯಾವ ಧರ್ಮದವರೇ ಆಗಲಿ, ತುಂಬಿಕೊಂಡು ಹೋಗಲಿ.

ಮಸೀದಿಯ ಒಳಗಿನ ಮಾತು ಇನ್ನೂ ಇದೆ. ಹರಿಯುವ ನದಿಯ ದಡದಲ್ಲಿ ಕೂತು ವಜೂ (ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆಯುವುದು) ಮಾಡುವಾಗಲೂ ನೀರು ಪೋಲು ಮಾಡಬೇಡಿ ಎಂದ ಹದೀಸನ್ನು ಗೋಡೆಗೆ ಬರೆದು ಹಾಕಿರುತ್ತೇವೆ, ಅದರ ಕೆಳಗೇ ನಲ್ಲಿ ಪೂರ್ತಿ ತಿರುಗಿಸಿಟ್ಟು ಸಾವಕಾಶ ಕಾಲು ತೊಳೆಯುತ್ತೇವೆ. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವಜೂ ಮಾಡುತ್ತಿದ್ದರು. ಆ ಅಳತೆಯ ಬಗ್ಗೆ ನಮ್ಮ ಮಝ್‌ಹಬ್‌ಗಳಲ್ಲಿ (ಧರ್ಮಶಾಸ್ತ್ರದ ಪಂಥಗಳಲ್ಲಿ) ಸ್ವಲ್ಪ ವ್ಯತ್ಯಾಸ ಇದ್ದರೂ, ಹೇಗೆ ಲೆಕ್ಕ ಹಾಕಿದರೂ ಒಂದು ಲೀಟರಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಒಂದು ನೀರಿನ ಬಾಟಲಿಯಷ್ಟು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮರು ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ದಂಡ ಹಾಕಿದರು, ಅದೇ ದಿನಗಳಲ್ಲಿ ರಂಜಾನ್ ಬಂತು. ಆಗ ಕೆಲವು ಕಡೆ ಎಚ್ಚರ ಬಂತು, ಮಳೆ ಬಿದ್ದ ಮೇಲೆ ಮರೆತೆವು.

ನಲ್ಲಿಗೆ ಸಣ್ಣ ಜಾಲರಿ ಹಾಕಿದರೆ ಅರ್ಧಕ್ಕರ್ಧ ನೀರು ಉಳಿಯುತ್ತದೆ, ಖರ್ಚು ಬಹಳ ಕಮ್ಮಿ. ವಜೂ ನೀರಿನಲ್ಲಿ ಸೋಪಿಲ್ಲ, ಜಿಡ್ಡಿಲ್ಲ. ಆ ನೀರಿನಿಂದ ಮತ್ತೆ ವಜೂ ಆಗುವುದಿಲ್ಲ ನಿಜ, ಆದರೆ ಅದು ನಜಿಸ್ ಅಲ್ಲ, ಅಶುದ್ಧ ಅಲ್ಲ. ಗಿಡಕ್ಕೆ ಬಿಡಬಹುದು, ಇಂಗುಗುಂಡಿಗೆ ಬಿಡಬಹುದು. ಚೆನ್ನಾಗಿ ಶುದ್ಧೀಕರಿಸಿದ ಕೊಳಚೆ ನೀರನ್ನೇ ವಜೂಗೆ ಬಳಸಬಹುದು ಎಂದು ಸೌದಿಯ ಹಿರಿಯ ಉಲಮಾಗಳ ಮಂಡಳಿ 1978ರಲ್ಲೇ ಹೇಳಿದೆ, ಇನ್ನು ವಜೂ ನೀರನ್ನು ಗಿಡಕ್ಕೆ ಹಾಕಲು ನಮಗೇನು ಅಡ್ಡಿ? ಜಕಾರ್ತಾದ ಇಸ್ತಿಕ್ಲಾಲ್ ಮಸೀದಿ, ಲಕ್ಷಾಂತರ ಜನ ಸೇರುವ ಮಸೀದಿ, ಸೌರ ಫಲಕ ಹಾಕಿಸಿ, ನೀರು ಮಿತ ಮಾಡಿ 2022ರಲ್ಲಿ ಹಸಿರು ಕಟ್ಟಡದ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆಯಿತು. ಅಷ್ಟು ದೊಡ್ಡದು ಬೇಡ, ಒಂದು ಇಂಗುಗುಂಡಿ ಸಾಕು ಶುರು ಮಾಡಲು. ಇದಕ್ಕೆ ಝಕಾತ್ ಹಣ ಮುಟ್ಟಬೇಡಿ, ಅದು ಕುರ್‌ಆನ್ ಹೇಳಿದ ಎಂಟು ವರ್ಗದವರದ್ದು. ಸದಕಾ (ಇಷ್ಟಪಟ್ಟು ಕೊಡುವ ದಾನ) ಇದೆ, ಮಸೀದಿ ಅಂಗಡಿಗಳ ಬಾಡಿಗೆ ಇದೆ. ಹಾಗೇ ಇಫ್ತಾರಿಗೆ ಪ್ಲಾಸ್ಟಿಕ್ ಲೋಟ ನಿಲ್ಲಿಸಿ ಸ್ಟೀಲ್ ಲೋಟ ತನ್ನಿ, ತೊಳೆಯಲು ಹುಡುಗರಿದ್ದಾರೆ.

ಕೊನೆಗೆ ಎರಡು ಬೇಡಿಕೆ. ಒಂದು ನಿಮ್ಮಲ್ಲಿ. ರಾಜ್ಯದಲ್ಲಿ ವಜೂ ನೀರು ಮರುಬಳಕೆ ಮಾಡುತ್ತಿರುವ, ಬಾವಿ ಹೂಳೆತ್ತಿದ ಮಸೀದಿಗಳನ್ನು ನಿಮ್ಮ ಜಿಲ್ಲಾ ವರದಿಗಾರರು ಹುಡುಕಿ ಬರೆಯಲಿ. ಎಷ್ಟು ಖರ್ಚಾಯಿತು, ಯಾರು ಮಾಡಿಕೊಟ್ಟರು, ಏನು ತೊಂದರೆ ಬಂತು ಎಂದು ವಿವರವಾಗಿ ಬರೆದರೆ ಬೇರೆ ಊರಿನ ಕಮಿಟಿಗಳಿಗೆ ಉಪಯೋಗ. ದೇವಸ್ಥಾನ, ಚರ್ಚುಗಳ ಇಂಥ ಕೆಲಸವನ್ನೂ ಜೊತೆಗೇ ಬರೆಯಿರಿ.

ಇನ್ನೊಂದು, ಕಾಲುವೆ ಸಾಲಿನ ಜಮಾತ್‌ಗಳ ಹಿರಿಯರಲ್ಲಿ, ಗಂಗಾವತಿಯಿಂದ ಹಿಡಿದು ರಾಯಚೂರಿನವರೆಗೆ. ಮುಂಗಾರಿಗೆ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲಿನ ಮೊದಲ ಜುಮ್ಮಾ (ಶುಕ್ರವಾರದ ಪ್ರಾರ್ಥನೆ) ದಿನ, ಖುತ್ಬಾಕ್ಕೆ (ಪ್ರಾರ್ಥನೆಯ ಉಪದೇಶಕ್ಕೆ) ಮೊದಲಿನ ಬಯಾನ್‌ನಲ್ಲಿ, ಮಹ್‌ಝೂರ್ ಹಳ್ಳದ ತೀರ್ಪನ್ನು ಉರ್ದುವಿನಲ್ಲೂ ಕನ್ನಡದಲ್ಲೂ ಓದಿ ಹೇಳಿ. ಅಕ್ರಮ ಪಂಪ್‌ಸೆಟ್ ಇಟ್ಟಿರುವ ನಮ್ಮವರಿದ್ದರೆ ತೆಗೆಯಲು ಹೇಳಿ. ಆಮೇಲೆ ನೀರು ಬಳಕೆದಾರರ ಸಂಘದ ಸಭೆಗೆ ಹೋಗಿ, ನಮ್ಮ ಕಡೆಯಿಂದ ಇಷ್ಟು ಬಿಟ್ಟಿದ್ದೇವೆ, ನೀವೂ ಬಿಡಿ ಎಂದು ಕೇಳಿ. ಆ ಬಯಾನ್ ಕೇಳಲು ಕೊನೆ ಭಾಗದಿಂದ ನಾವೂ ಮೇಲಿನ ಊರುಗಳಿಗೆ ಬರುತ್ತೇವೆ, ಕರೆದರೆ ನಮ್ಮ ಹೊಲದ ಸ್ಥಿತಿಯನ್ನು ನಾವೇ ಎದ್ದು ನಿಂತು ಹೇಳುತ್ತೇವೆ.

ಇಂತಿ,
ಕಾಲುವೆ ಕೊನೆ ಭಾಗದ ಒಬ್ಬ ಓದುಗ
ರಾಯಚೂರು ಜಿಲ್ಲೆ